ಯೂನಿಟ್ ಲೆಕ್ಕವಿಲ್ಲದ ದವಡೆ ಇಂಜೆಕ್ಷನ್: ಚಿಕಿತ್ಸಾ ಕೇಂದ್ರಕ್ಕೆ ದೂರು ಪತ್ರ

ಇವರಿಗೆ,
ವೈದ್ಯಕೀಯ ಮುಖ್ಯಸ್ಥರು,
ದಂತ ಮತ್ತು ಸೌಂದರ್ಯ ಚಿಕಿತ್ಸಾ ಕೇಂದ್ರ

ವಿಷಯ: ಹಲ್ಲು ಕಡಿಯುವ ತೊಂದರೆಗೆ ದವಡೆ ಸ್ನಾಯುವಿಗೆ ಕೊಟ್ಟ, ಸ್ನಾಯುವನ್ನು ಸಡಿಲಿಸುವ ಬೊಟುಲಿನಂ ಇಂಜೆಕ್ಷನ್‌ನ ಅಪೂರ್ಣ ದಾಖಲೆ, ಅದರ ಪರಿಣಾಮ ಮತ್ತು ಉಚಿತ ‘ಟಚ್‌ಅಪ್’ ಕುರಿತು.

ಮಾನ್ಯರೇ,

ನಿಮ್ಮಲ್ಲಿ ಚಿಕಿತ್ಸೆ ಪಡೆದವರ ಒಪ್ಪಿಗೆಯ ಮೇರೆಗೆ, ಅವರ ಹಲ್ಲುಗಳನ್ನು ನೋಡಿಕೊಳ್ಳುವ ದಂತವೈದ್ಯೆಯಾಗಿ ಈ ಪತ್ರ ಬರೆಯುತ್ತಿದ್ದೇನೆ. ಇಂಜೆಕ್ಷನ್ ಕೊಟ್ಟಿದ್ದೇ ತಪ್ಪು ಎಂಬ ತಕರಾರು ನನ್ನದಲ್ಲ. ನೈಟ್ ಗಾರ್ಡ್ (ರಾತ್ರಿ ಹಲ್ಲಿಗೆ ತೊಡುವ ಕವಚ) ಹಾಕಿಯೂ ದವಡೆ ನೋವು ಬಿಡದವರಿಗೆ, ಮಸೀಟರ್ ಎಂಬ ಅಗಿಯುವ ಸ್ನಾಯು ಉಬ್ಬಿ ಕಲ್ಲಿನಂತಾದವರಿಗೆ ಇದನ್ನು ಪ್ರಯತ್ನಿಸಿ ನೋಡಬಹುದು. ಆದರೆ ಏನು ಕೊಟ್ಟಿರಿ, ಎಷ್ಟು ಕೊಟ್ಟಿರಿ, ಎಲ್ಲಿಗೆ ಕೊಟ್ಟಿರಿ ಎಂಬ ಮೂರು ಪ್ರಶ್ನೆಗಳಲ್ಲಿ ಒಂದಕ್ಕೂ ನಿಮ್ಮ ಚಿಕಿತ್ಸಾ ಚೀಟಿಯಲ್ಲಿ ಉತ್ತರವಿಲ್ಲ.

ಚೀಟಿಯಲ್ಲಿರುವುದು ಇಷ್ಟು: “ಬೊಟಾಕ್ಸ್, ಎರಡೂ ದವಡೆ, ಒಟ್ಟು 1 ಎಂಎಲ್.”

ಈ 1 ಎಂಎಲ್ ಎಂಬುದು ಸಲೈನಿನ (ಉಪ್ಪುನೀರಿನ) ಅಳತೆಯೇ ಹೊರತು ಔಷಧದ್ದಲ್ಲ, ಔಷಧವನ್ನು ಅಳೆಯುವುದು ಯೂನಿಟ್ಟಿನಲ್ಲಿ. 100 ಯೂನಿಟ್ಟಿನ ಸೀಸೆಯಲ್ಲಿರುವುದು ತಳಕ್ಕೆ ಅಂಟಿಕೊಂಡ, ಕಣ್ಣಿಗೆ ಬೀಳುವುದೇ ಕಷ್ಟವಾದ ಒಣಪುಡಿ. ಅದಕ್ಕೆ ಪ್ರಿಸರ್ವೇಟಿವ್ ಇಲ್ಲದ 0.9% ಸಲೈನ್ ಎಷ್ಟು ಬೆರೆಸುತ್ತೇವೆ ಎಂಬುದರ ಮೇಲೆ ಸಾಂದ್ರತೆ ನಿಲ್ಲುತ್ತದೆ. 1 ಎಂಎಲ್ ಬೆರೆಸಿದರೆ ಸಿರಿಂಜಿನ ಪ್ರತಿ 0.1 ಎಂಎಲ್‌ನಲ್ಲಿ 10 ಯೂನಿಟ್, 2 ಎಂಎಲ್ ಬೆರೆಸಿದರೆ 5, 4 ಎಂಎಲ್ ಬೆರೆಸಿದರೆ 2.5. ಹಾಗಾಗಿ ಒಂದೊಂದು ಬದಿಗೆ ಹೋದ ಅರ್ಧ ಎಂಎಲ್ 50 ಯೂನಿಟ್ ಆಗಿರಬಹುದು, 25 ಆಗಿರಬಹುದು, 12.5 ಕೂಡ ಆಗಿರಬಹುದು. ಮಸೀಟರಿಗೆ ಬದಿಯೊಂದಕ್ಕೆ ಸಾಮಾನ್ಯವಾಗಿ ಬಳಸುವುದು 20ರಿಂದ 30 ಯೂನಿಟ್. ನಿಮ್ಮ ಚೀಟಿಯನ್ನು ನಂಬಿ ಮುಂದಿನ ಡೋಸ್ ನಿರ್ಧರಿಸಲು ಹೊರಟವರು ನಾಲ್ಕು ಪಟ್ಟು ಅಂತರದಲ್ಲಿ ಎಲ್ಲಿ ಬೇಕಾದರೂ ಎಡವಬಹುದು.

ಅದೂ ಸೀಸೆಯಲ್ಲಿದ್ದದ್ದು ನಿಜಕ್ಕೂ ಬೊಟಾಕ್ಸೇ ಆಗಿದ್ದರೆ. ಜೆರಾಕ್ಸ್ ಎಂದಂತೆ ಬೊಟುಲಿನಂನ ಎಲ್ಲ ಬ್ರ್ಯಾಂಡಿಗೂ ಬೊಟಾಕ್ಸ್ ಎನ್ನುವುದು ಮಾತಿನಲ್ಲಿ ನಡೆದೀತು, ದಾಖಲೆಯಲ್ಲಿ ನಡೆಯದು. ಡಿಸ್ಪೋರ್ಟ್ ಎಂಬ ಇನ್ನೊಂದು ಬ್ರ್ಯಾಂಡಿನ 500 ಯೂನಿಟ್ ಸೀಸೆಗೆ 2.5 ಎಂಎಲ್ ಬೆರೆಸಿದ್ದರೆ ಅದೇ ಅರ್ಧ ಎಂಎಲ್‌ನಲ್ಲಿ 100 ಯೂನಿಟ್ ಇರುತ್ತದೆ, ಆದರೆ ಆ ಯೂನಿಟ್ಟೇ ಬೇರೆ. ಬೊಟಾಕ್ಸಿನ 1ಕ್ಕೆ ಡಿಸ್ಪೋರ್ಟಿನ 2.5ರಿಂದ 3 ಎಂದು ಅನೇಕರು ಅಂದಾಜು ಕಟ್ಟುತ್ತಾರೆ. ಒಂದರ ಯೂನಿಟ್ಟನ್ನು ಇನ್ನೊಂದಕ್ಕೆ ಪರಿವರ್ತಿಸಬಾರದು ಎಂದು ತಯಾರಕರ ಮಾಹಿತಿ ಪತ್ರಗಳೇ ಎಚ್ಚರಿಸುತ್ತವೆ. ಹಸುವಿನ ಹಾಲಿನ ಪ್ರೋಟೀನ್ ಅಲರ್ಜಿ ಇರುವವರಿಗೆ ಡಿಸ್ಪೋರ್ಟ್ ಕೊಡಲೇಬಾರದು. ನಿಮ್ಮ ಅರ್ಜಿಯಲ್ಲಿ “ಅಲರ್ಜಿ ಇದೆಯೇ?” ಎಂಬ ಒಂದೇ ಸಾಲಿದೆ, ಅದರ ಮುಂದೆ ಗೀಟು ಎಳೆಯಲಾಗಿದೆ. ಕೇಳಿ ಎಳೆದ ಗೀಟೋ, ಕೇಳದೆ ಎಳೆದದ್ದೋ ತಿಳಿಯುವಂತಿಲ್ಲ.

ಬ್ಯಾಚ್ ನಂಬರ್ ಇಲ್ಲ, ಸೀಸೆ ಬೆರೆಸಿದ ದಿನ, ಗಂಟೆ ಇಲ್ಲ. ಬೆರೆಸಿದ ಬೊಟಾಕ್ಸನ್ನು 2ರಿಂದ 8 ಡಿಗ್ರಿಯಲ್ಲಿಟ್ಟು 24 ಗಂಟೆಯೊಳಗೆ ಬಳಸಬೇಕೆಂಬುದು ತಯಾರಕರ ಸೂಚನೆ. ಹಿಂದಿನವರಿಗೆ ತೆರೆದ ಸೀಸೆಯಲ್ಲಿ ಉಳಿದದ್ದನ್ನು ಇವರಿಗೆ ಕೊಟ್ಟಿಲ್ಲ ಎಂದು ತೋರಿಸಲು ನಿಮ್ಮ ಬಳಿ ಯಾವ ಕಾಗದವಿದೆ?

ಇನ್ನು ‘ಎಲ್ಲಿಗೆ’ ಎಂಬ ಪ್ರಶ್ನೆ. ಇಂಜೆಕ್ಷನ್ ಆದ 12ನೇ ದಿನ ಪರೀಕ್ಷಿಸಿದಾಗ ಎರಡು ವಿಷಯ ಕಂಡವು. ನಗುವಾಗ ಎಡಗಡೆ ಬಾಯಂಚು ಬಲದಷ್ಟು ಹಿಂದಕ್ಕೆ ಸರಿಯುತ್ತಿಲ್ಲ. ಹಲ್ಲು ಕಚ್ಚಿ ಹಿಡಿದಾಗ ಬಲಗೆನ್ನೆಯಲ್ಲಿ ಗೋಲಿಯಂಥ ಉಬ್ಬು ಏಳುತ್ತದೆ. ಎರಡರ ಕಾರಣ ಬೇರೆ, ಉಪಾಯವೂ ಬೇರೆ.

ಬಾಯಂಚನ್ನು ಪಕ್ಕಕ್ಕೆ ಎಳೆಯುವ ರೈಸೋರಿಯಸ್ ಎಂಬ ತೆಳು ಸ್ನಾಯು ಮಸೀಟರಿನ ಮುಂಭಾಗದ ಮೇಲೆಯೇ ಹಾದು ಹೋಗುತ್ತದೆ. ಸೂಜಿ ಮುಂದಕ್ಕೆ ಅಥವಾ ತೀರಾ ಮೇಲುಮೇಲೆ ಇಳಿದರೆ ಔಷಧ ಅದಕ್ಕೂ ತಾಗುತ್ತದೆ. ಇದನ್ನು ತಪ್ಪಿಸುವ ಕ್ರಮ ಗೊತ್ತಿರುವುದೇ: ಕಿವಿಯ ಕೆಳಭಾಗದಿಂದ ಬಾಯಂಚಿಗೆ ಗೆರೆ ಎಳೆದು ಅದರ ಕೆಳಗೇ ಉಳಿಯಬೇಕು. ಹಲ್ಲು ಕಚ್ಚಿಸಿ ಸ್ನಾಯುವಿನ ಮುಂದಂಚು ಹಿಂದಂಚುಗಳನ್ನು ಬೆರಳಿಂದ ಗುರುತಿಸಿ ಎರಡರಿಂದಲೂ ಸುಮಾರು 1 ಸೆಂ.ಮೀ. ಒಳಗಿರಬೇಕು, ದವಡೆಯ ಕೆಳಅಂಚಿನಿಂದಲೂ ಅಷ್ಟೇ ಮೇಲಿರಬೇಕು. ಆ ಚೌಕದೊಳಗೆ 3ರಿಂದ 5 ಬಿಂದು ಸಾಕು. ಚರ್ಮದ ಮೇಲೆ ಪೆನ್ಸಿಲ್ ಗುರುತು ಹಾಕಿರಲಿಲ್ಲ, ಹಲ್ಲು ಕಚ್ಚಲು ಹೇಳಿರಲಿಲ್ಲ ಎಂದು ಚಿಕಿತ್ಸೆ ಪಡೆದವರು ಹೇಳುತ್ತಾರೆ. ಬಿಂದುಗಳ ನಕ್ಷೆ ಇದ್ದಿದ್ದರೆ ಈ ಮಾತು ನಿಜವೋ ಸುಳ್ಳೋ ಒಂದು ನಿಮಿಷದಲ್ಲಿ ತೀರ್ಮಾನವಾಗುತ್ತಿತ್ತು.

ಬಲಗಡೆಯ ಉಬ್ಬಿಗೆ ನಿಮ್ಮನ್ನು ಅಷ್ಟಾಗಿ ದೂರುವುದಿಲ್ಲ, ಪಳಗಿದ ಕೈಯಲ್ಲೂ ಇದು ಆಗುವುದುಂಟು. ಮಸೀಟರಿನ ಮೇಲ್ಪದರದೊಳಗೆ ಕೆಲವರಿಗೆ ಸ್ನಾಯುರಜ್ಜಿನ (ಗಟ್ಟಿ ನಾರಿನ) ಪರದೆಯಂಥ ತೆರೆಯೊಂದಿರುತ್ತದೆ. ಔಷಧ ತೆರೆಯ ಆಳದ ಬದಿಗೆ ಮಾತ್ರ ಬಿದ್ದರೆ ಹೊರಬದಿಯ ಎಳೆಗಳು ಚುರುಕಾಗಿಯೇ ಉಳಿದು, ಕಚ್ಚುವ ಭಾರವನ್ನೆಲ್ಲ ತಾವೇ ಹೊತ್ತು ಉಬ್ಬುತ್ತವೆ. ಕೆಲವರಲ್ಲಿ ತಾನಾಗಿಯೇ ಇಳಿಯುತ್ತದೆ. ಇಳಿಯದಿದ್ದರೆ ಕಚ್ಚಿಸಿ ನೋಡಿ, ಉಬ್ಬಿದ ಜಾಗಕ್ಕಷ್ಟೇ ಮೇಲುಪದರದಲ್ಲಿ ಸಣ್ಣ ಡೋಸ್ ಕೊಡುವುದು ವಾಡಿಕೆ.

ಆದರೆ ನಿಮ್ಮ ಸಿಬ್ಬಂದಿ ಫೋನಿನಲ್ಲಿ ಕೊಟ್ಟ ಉತ್ತರ ಇದು: “ಔಷಧ ಕಡಿಮೆಯಾಗಿದೆ, ಮೂರನೇ ವಾರ ಬನ್ನಿ, ಎರಡೂ ಕಡೆ ಮತ್ತೊಮ್ಮೆ ಅಷ್ಟೇ ಹಾಕುತ್ತೇವೆ, ಉಚಿತ.” ಇದಕ್ಕೆ ನಮ್ಮ ಒಪ್ಪಿಗೆಯಿಲ್ಲ. ಸೊಟ್ಟಗಾದ ನಗು ಔಷಧ ಕಡಿಮೆಯಾದದ್ದರ ಲಕ್ಷಣವಲ್ಲ, ಹೋಗಬಾರದ ಕಡೆ ಹೋದದ್ದರ ಲಕ್ಷಣ. ಅದನ್ನು ಹಿಂತೆಗೆಯುವ ಮದ್ದಿಲ್ಲ, ಪ್ರಭಾವ ಇಳಿಯುವವರೆಗೆ ಕಾಯಬೇಕು. ಮಸೀಟರಿನ ಬಲ ಮೂರನೇ ವಾರದಲ್ಲೂ ಇನ್ನೂ ಕುಗ್ಗುತ್ತಿರಬಹುದು, ಆಗಲೇ ಪೂರ್ತಿ ಡೋಸ್ ಮರುಕಳಿಸಿದರೆ ಅಗಿಯುವುದೇ ಆಯಾಸವಾದೀತು, ಕೆನ್ನೆಮೂಳೆಯ ಕೆಳಗೆ ಗುಳಿಯೂ ಬಿದ್ದೀತು. ಜೊತೆಗೆ ಹೆಚ್ಚು ಡೋಸನ್ನು ಬೇಗಬೇಗ ಕೊಟ್ಟಷ್ಟೂ ದೇಹ ಅದರ ವಿರುದ್ಧ ಪ್ರತಿಕಾಯ ಬೆಳೆಸಿಕೊಂಡು, ಮುಂದೆ ಔಷಧ ನಾಟದೇ ಹೋಗುವ ಅಪಾಯವಿದೆ. ಎರಡು ಸರದಿಗಳ ನಡುವೆ ಕನಿಷ್ಠ 12 ವಾರ ಬಿಡುವುದು ಈ ಕಾರಣಕ್ಕೇ. ಉಚಿತ ಎಂದ ಮಾತ್ರಕ್ಕೆ ಹಾಕಿಸಿಕೊಳ್ಳುವ ವಸ್ತುವಲ್ಲ ಇದು.

ನಿಮ್ಮ ಕರಪತ್ರದ “ಹಲ್ಲು ಕಡಿತಕ್ಕೆ ಶಾಶ್ವತ ಮುಕ್ತಿ, ನೈಟ್ ಗಾರ್ಡ್ ಬೇಕಿಲ್ಲ” ಎಂಬ ಸಾಲಿನಲ್ಲಿ ಎರಡೂ ಅರ್ಧಗಳು ಸುಳ್ಳು. ನರದ ತುದಿಯಲ್ಲಿ ಎಸ್‌ಎನ್‌ಎಪಿ-25 ಎಂಬ ಪ್ರೋಟೀನನ್ನು ಕತ್ತರಿಸಿ, ಸ್ನಾಯುವಿಗೆ ನರದ ಆಜ್ಞೆ ಒಯ್ಯುವ ಅಸಿಟೈಲ್‌ಕೋಲಿನ್ ಹೊರಬರದಂತೆ ತಡೆಯುವುದಷ್ಟೇ ಈ ಔಷಧದ ಕೆಲಸ. ಮೂರು-ನಾಲ್ಕು ತಿಂಗಳಲ್ಲಿ ನರ ಚೇತರಿಸಿಕೊಳ್ಳುತ್ತದೆ. ನಿದ್ದೆಯಲ್ಲಿ ಹಲ್ಲು ಕಡಿಯುವ ಆಜ್ಞೆ ಬರುವುದು ಮಿದುಳಿನಿಂದ, ಇಂಜೆಕ್ಷನ್ ಅಲ್ಲಿಗೆ ಮುಟ್ಟುವುದಿಲ್ಲ. ಕಚ್ಚುವ ಬಲ ತಗ್ಗುತ್ತದೆ, ನೋವು ತಗ್ಗಬಹುದು, ಕಡಿಯುವ ಚಾಳಿ ಉಳಿಯುತ್ತದೆ. ಕಣತಲೆಯ ಟೆಂಪೊರಾಲಿಸ್ ಸ್ನಾಯುವಿಗೂ ದವಡೆಯ ಒಳಬದಿಯ ಸ್ನಾಯುವಿಗೂ ಔಷಧ ಬಿದ್ದಿಲ್ಲವಾದ್ದರಿಂದ ಹಲ್ಲುಗಳು ಉಜ್ಜುತ್ತಲೇ ಇರುತ್ತವೆ. ನಿಮ್ಮ ಸಿಬ್ಬಂದಿ ತೆಗೆದಿಡಲು ಹೇಳಿದ್ದ ಗಾರ್ಡನ್ನು ಮತ್ತೆ ಹಾಕಿಸಿದ್ದೇನೆ.

ಗೊರಕೆ, ನಿದ್ದೆಯಲ್ಲಿ ಉಸಿರು ಕಟ್ಟುವುದು, ಖಿನ್ನತೆಗೆ ಕೊಡುವ ಎಸ್‌ಎಸ್‌ಆರ್‌ಐ ಮಾತ್ರೆ, ರಾತ್ರಿ ಹೊತ್ತಿನ ಕಾಫಿ, ಮದ್ಯ: ಇವೆಲ್ಲ ಕಡಿತವನ್ನು ಹೆಚ್ಚಿಸಬಲ್ಲವು, ಒಂದನ್ನೂ ಅರ್ಜಿಯಲ್ಲಿ ಕೇಳಿಲ್ಲ. ಮಯಸ್ಥೇನಿಯಾ ಗ್ರೇವಿಸ್‌ನಂಥ ನರಸ್ನಾಯು ಕಾಯಿಲೆ, ಗರ್ಭ, ಅಮಿನೊಗ್ಲೈಕೊಸೈಡ್ ಆಂಟಿಬಯಾಟಿಕ್ ಬಗ್ಗೆಯೂ ಪ್ರಶ್ನೆಯಿಲ್ಲ. ನುಂಗಲು, ಮಾತಾಡಲು, ಉಸಿರಾಡಲು ಕಷ್ಟವಾದರೆ, ವಾರಗಳ ನಂತರವಾದರೂ ಸರಿ, ತಕ್ಷಣ ತುರ್ತು ಚಿಕಿತ್ಸೆಗೆ ಹೋಗಬೇಕೆಂಬ ಎಚ್ಚರಿಕೆ ಒಪ್ಪಿಗೆ ಪತ್ರದಲ್ಲೂ ಇಲ್ಲ, ಮನೆಗೆ ಕೊಟ್ಟ ಸೂಚನೆಯಲ್ಲೂ ಇಲ್ಲ. “ನಾಲ್ಕು ಗಂಟೆ ಮಲಗಬೇಡಿ, ಕೆನ್ನೆ ಉಜ್ಜಬೇಡಿ” ಎಂದು ಮಾತ್ರ ದಪ್ಪಕ್ಷರದಲ್ಲಿದೆ.

ನಮ್ಮ ಬೇಡಿಕೆಗಳು:

ಬ್ರ್ಯಾಂಡ್, ಬ್ಯಾಚ್ ನಂಬರ್, ಬೆರೆಸಿದ ಸಲೈನ್ ಎಷ್ಟು, ಬೆರೆಸಿದ ಹೊತ್ತು, ಪ್ರತಿ ಬಿಂದುವಿಗೆ ಹೋದ ಯೂನಿಟ್, ಬಿಂದುಗಳ ನಕ್ಷೆ, ಸೂಜಿ ಹಾಕಿದವರ ಹೆಸರು ಮತ್ತು ಅರ್ಹತೆ ಇಷ್ಟನ್ನೂ 7 ದಿನದೊಳಗೆ ಲಿಖಿತವಾಗಿ ಕೊಡಿ. ಯಾವುದಾದರೂ ಬರೆದಿಟ್ಟಿಲ್ಲವಾದರೆ ‘ಬರೆದಿಟ್ಟಿಲ್ಲ’ ಎಂದೇ ತಿಳಿಸಿ, ನೆನಪಿನಿಂದ ತುಂಬಬೇಡಿ.

ಬಲಗಡೆಯ ಉಬ್ಬನ್ನು ಸಿಬ್ಬಂದಿಯಲ್ಲ, ವೈದ್ಯರೇ ಮುಟ್ಟಿ ಪರೀಕ್ಷಿಸಲಿ. ಎಡಗಡೆಗೆ ಯಾವ ಇಂಜೆಕ್ಷನ್ನೂ ಬೇಡ. ಚಿಕಿತ್ಸೆಯ ಶುಲ್ಕವನ್ನು ಪೂರ್ತಿ ಹಿಂತಿರುಗಿಸಿ, ಕರಪತ್ರದ ಆ ಸಾಲನ್ನು ತೆಗೆಯಿರಿ.

ಮುಂದಿನ ಪರೀಕ್ಷೆಯನ್ನು 6ನೇ ವಾರಕ್ಕೆ ಇಟ್ಟುಕೊಂಡಿದ್ದೇನೆ. ನಗುವಾಗ, ಹಲ್ಲು ಕಚ್ಚಿದಾಗ ತೆಗೆದ 12ನೇ ದಿನದ ಚಿತ್ರಗಳನ್ನು ಲಗತ್ತಿಸಿದೆ. ಚಿಕಿತ್ಸೆಗೆ ಮುನ್ನ ನಿಮ್ಮಲ್ಲಿ ತೆಗೆದ ಚಿತ್ರಗಳಿದ್ದರೆ ಉತ್ತರದೊಂದಿಗೆ ಕಳುಹಿಸಿ.

ಇತಿ,
ಚಿಕಿತ್ಸೆ ಪಡೆದವರ ಪರವಾಗಿ, ಅವರ ದಂತವೈದ್ಯೆ