ಕ್ಯಾಮೆರಾ ಆನ್ ಮಾಡಿಸುವ ಮೊದಲು ಮನೆಗೊಂದು ಫೋನ್ ಮಾಡಿ

ಸಂಪಾದಕರಿಗೆ ನಮಸ್ಕಾರ.

ಮನೆಯಲ್ಲೇ ಕೂತು ಆನ್‌ಲೈನ್‌ನಲ್ಲಿ ಓದುವ ಮಕ್ಕಳು ಸೋಮಾರಿಗಳಾಗುತ್ತಾರೆ, ಅದರಿಂದ ಆಗುವ ಲಾಭ ಏನಿದ್ದರೂ ಡಬ್ಬಿ ಕಟ್ಟುವುದು ತಪ್ಪಿದ ತಾಯಂದಿರಿಗೆ ಮಾತ್ರ ಎಂದು ನಿಮ್ಮ ಓದುಗರೊಬ್ಬರು ಬರೆದಿದ್ದರು. ಡಬ್ಬಿ ತಪ್ಪಿದ್ದು ನಿಜ. ಉಳಿದ ಮಾತಿಗೆ ನನ್ನದೂ ಸ್ವಲ್ಪ ಹೇಳುವುದಿದೆ.

ನಾವು ಮುಂಬೈ ಹತ್ತಿರದ ಡೊಂಬಿವಲಿ ಪೂರ್ವದಲ್ಲಿರುವವರು, ಊರು ಕುಂದಾಪುರದ ಕಡೆ. ಮನೆಯವರು ಮುಂಬೈಯ ಫೋರ್ಟ್‌ನ ಒಂದು ಹೋಟೆಲಿನಲ್ಲಿ ಗಲ್ಲಾ ನೋಡಿಕೊಳ್ಳುತ್ತಾರೆ. ಬೆಳಿಗ್ಗೆ ಐದೂವರೆಯ ಲೋಕಲ್‌ಗೆ ಹೋದರೆ ಬರುವುದು ರಾತ್ರಿಯೇ. ನಾನು ಮನೆಯಲ್ಲಿ ಬ್ಲೌಸ್ ಹೊಲಿಯುತ್ತೇನೆ. ಮಗನಿಗೆ ಹನ್ನೆರಡು ವರ್ಷ. ಮಳೆಗಾಲ ಬಂತೆಂದರೆ ಅವನಿಗೆ ಉಬ್ಬಸ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶಾಲೆಗೆ ಹೋದ ದಿನಕ್ಕಿಂತ ನೆಬ್ಯುಲೈಸರ್ ಹಿಡಿದು ಕೂತ ದಿನವೇ ಜಾಸ್ತಿ. ಎರಡು ವರ್ಷದ ಹಿಂದೆ, ಇನ್ನು ಆಗುವುದಿಲ್ಲ ಎಂದು ಶಾಲೆ ಬಿಡಿಸಿ ಆನ್‌ಲೈನ್‌ಗೆ ಸೇರಿಸಿದೆವು.

ಬಿಲ್ಡಿಂಗಿನಲ್ಲಿ ಎಲ್ಲರದ್ದೂ ಒಂದೇ ಪ್ರಶ್ನೆ, ಮುಂದೆ ಪರೀಕ್ಷೆ ಹೇಗೆ? ಎನ್‌ಐಒಎಸ್ ಅಂತ ಒಂದಿದೆ, ದಿನಾ ಶಾಲೆಗೆ ಹೋಗದೆ ಓದುವವರಿಗೆ ಪರೀಕ್ಷೆ ನಡೆಸುವ ಮುಕ್ತ ಶಾಲಾ ಸಂಸ್ಥೆ, ಕೇಂದ್ರ ಸರ್ಕಾರದ್ದೇ, 1989ರಲ್ಲಿ ಶುರುವಾದದ್ದು. 14 ವರ್ಷ ತುಂಬಿದ ಮೇಲೆ ಹತ್ತನೇ ತರಗತಿಗೆ ಹೆಸರು ಕೊಡಬಹುದು. ಪರೀಕ್ಷೆ ವರ್ಷಕ್ಕೆ ಎರಡು ಸಲ, ಏಪ್ರಿಲ್-ಮೇಯಲ್ಲಿ ಒಮ್ಮೆ, ಅಕ್ಟೋಬರ್-ನವೆಂಬರ್‌ನಲ್ಲಿ ಒಮ್ಮೆ. ಐದು ವರ್ಷದಲ್ಲಿ ಒಂಬತ್ತು ಅವಕಾಶ. ಕನ್ನಡವನ್ನೂ ಒಂದು ವಿಷಯವಾಗಿ ತೆಗೆದುಕೊಳ್ಳಬಹುದು. ಜೋರು ಮಳೆಯ ತಿಂಗಳಲ್ಲಿ ಪರೀಕ್ಷೆ ಇಲ್ಲವಲ್ಲ, ನನಗೆ ಅಷ್ಟೇ ಸಾಕಾಯಿತು.

ಆದರೆ ಮೊದಲು ಸೇರಿಸಿದ ಕಡೆ (ಹೆಸರು ಬೇಡ) ನಮಗೆ ಸರಿಯಾಗಿ ಪೆಟ್ಟು ಬಿತ್ತು. ಅಲ್ಲಿ ಮನೆಯವರು ಎಂದರೆ ಫೀಸ್ ಕಟ್ಟುವವರು ಮತ್ತು ಕಾವಲು ಕೂರುವವರು. ವಾಟ್ಸಾಪ್ ಗುಂಪಿನಲ್ಲಿ ಇಂಗ್ಲಿಷಿನಲ್ಲಿ ಒಂದು ಸೂಚನೆ ಬರುತ್ತದೆ, ಕೆಳಗೆ ನಲವತ್ತು ಜನ ಕೈ ಮುಗಿಯುತ್ತಾರೆ, ಮುಗಿಯಿತು. ಕ್ಯಾಮೆರಾ ಆಫ್ ಇದ್ದರೆ ಗೈರುಹಾಜರಿ. ನನ್ನ ಮಗನ ಹೆಸರಿನ ಮುಂದೆ ದಿನಾ ಕೆಂಪು ಗುರುತು. ನಾನೂ ಅವನಿಗೆ ಬೈದೆ, ಒಂದು ದಿನ ಹೊಡೆದೂ ಬಿಟ್ಟೆ. ಕ್ಯಾಮೆರಾ ಯಾಕೆ ಹಾಕುವುದಿಲ್ಲ ಅಂದರೆ ಉತ್ತರವಿಲ್ಲ.

ನಮ್ಮದು ಒನ್ ರೂಮ್ ಕಿಚನ್. ಲಕ್ವ ಹೊಡೆದ ಮಾವ ಮಂಚದ ಮೇಲೆ ಇದ್ದಾರೆ, ಹುಡುಗ ಕೂರುವ ಜಾಗಕ್ಕೆ ಸರಿಯಾಗಿ ಹಿಂದೆ. ಹತ್ತು ಗಂಟೆಗೆ ಅತ್ತೆ ಅವರಿಗೆ ಮೈ ಒರೆಸಿ ಬಟ್ಟೆ ಬದಲಿಸುತ್ತಾರೆ. ಕ್ಲಾಸೂ ಹತ್ತಕ್ಕೇ. ಅಜ್ಜನನ್ನು ಆ ಸ್ಥಿತಿಯಲ್ಲಿ ಮೂವತ್ತು ಮಕ್ಕಳು ನೋಡಬಾರದು ಎಂದು ಹುಡುಗ ಕ್ಯಾಮೆರಾ ಮುಚ್ಚಿ ಇಡುತ್ತಿದ್ದ. ಅದೇ ಮನೆಯಲ್ಲಿ ಹೊಲಿಗೆ ಮಿಷನ್ ತುಳಿಯುತ್ತಾ ಕೂತ ನನಗೇ ಇದು ಹೊಳೆದಿರಲಿಲ್ಲ. ಪರದೆಯ ಆ ಕಡೆ ಇದ್ದವರಿಗೆ ಹೇಗೆ ಹೊಳೆಯಬೇಕು?

ಇದು ಗೊತ್ತಾದದ್ದು ಆಮೇಲೆ ಸೇರಿಸಿದ ಇನ್ನೊಂದು ಕಡೆಯ, ಈಗಿನ ಟೀಚರ್‌ನಿಂದ. ಧಾರವಾಡದವರು, ಪುಣೆಯಲ್ಲಿದ್ದಾರೆ. ಹುಡುಗನನ್ನು ಸೇರಿಸಿದ ವಾರವೇ ನನಗೆ ಫೋನ್ ಮಾಡಿ ಮಾರ್ಕ್ಸ್ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಮನೆಯಲ್ಲಿ ಯಾರ್ಯಾರು ಇದ್ದೀರಿ, ಹುಡುಗ ಎಲ್ಲಿ ಕೂರುತ್ತಾನೆ, ಯಾವ ಹೊತ್ತಿಗೆ ಗಲಾಟೆ ಕಡಿಮೆ, ಅವನ ಹತ್ತಿರ ಜಾಸ್ತಿ ಮಾತಾಡುವವರು ಯಾರು ಎಂದೆಲ್ಲ ಕೇಳಿದರು. ನಾನು ಹೇಳುತ್ತಾ ಹೋದಂತೆ ನನಗೇ ಅರ್ಥವಾಯಿತು. ಈಗ ಅವನ ಕ್ಲಾಸ್ ಹನ್ನೊಂದೂವರೆಗೆ, ಅಡುಗೆಮನೆಯ ಗೋಡೆಗೆ ಬೆನ್ನು ಹಾಕಿ ಕೂರುತ್ತಾನೆ. ಕ್ಯಾಮೆರಾ ಆನ್ ಇರುತ್ತದೆ, ಯಾರೂ ಹೇಳಬೇಕಾಗಿಲ್ಲ.

ಪ್ರತಿ ಮಂಗಳವಾರ ಸಂಜೆ ಹತ್ತು ನಿಮಿಷ ಟೀಚರ್ ಫೋನ್ ಬರುತ್ತದೆ. ನನಗಲ್ಲ, ಅತ್ತೆಗೆ! ಮಗನ ಹತ್ತಿರ ಜಾಸ್ತಿ ಮಾತಾಡುವವರು ಅವರೇ ಅಲ್ವಾ. ಮೊದಲ ದಿನ ಅತ್ತೆ, ನಾನು ಓದಿದ್ದು ಐದನೇ ಕ್ಲಾಸು, ನನ್ನ ಹತ್ತಿರ ಎಂತ ಮಾತಾಡುವುದು ಎಂದು ಫೋನ್ ಹಿಡಿಯಲೇ ಇಲ್ಲ. ಟೀಚರ್ ಬಿಡಲಿಲ್ಲ. "ಅಜ್ಜೀ, ನಿಮ್ಮನ್ಯಾಗ ದೋಸೆ ಹಿಟ್ಟು ಉಬ್ಬಾಕ ಎಷ್ಟು ತಾಸು ಬೇಕ್ರಿ?" ಅಂದರು. ಅದಕ್ಕೆ ಅತ್ತೆ, "ಯಾವ ತಿಂಗಳಲ್ಲಿ ಮಾರಾಯ್ರೇ?" ಅಂದರು. ಟೀಚರ್‌ಗೆ ಬೇಕಾಗಿದ್ದದ್ದು ಅದೇ.

ಆಮೇಲೆ ನಡೆದದ್ದು ಇಷ್ಟು. ಹಾರ್ಲಿಕ್ಸ್ ಬಾಟಲಿಯಲ್ಲಿ ಅರ್ಧ ಹಿಟ್ಟು ಹಾಕಿ, ಹಿಟ್ಟು ಇರುವಲ್ಲಿಗೆ ಒಂದು ರಬ್ಬರ್ ಬ್ಯಾಂಡ್ ಹಾಕುವುದು. ಗಂಟೆಗೊಮ್ಮೆ ಹುಡುಗ ನೋಡಿ ಎಷ್ಟು ಬೆರಳು ಏರಿತು ಎಂದು ಬರೆಯುವುದು. ಮೇ ತಿಂಗಳಲ್ಲಿ, ಇಟ್ಟು ಏಳು ಗಂಟೆ ಆಗುವಷ್ಟರಲ್ಲಿ ನಾಲ್ಕು ಬೆರಳು ಏರಿ ಮುಚ್ಚಳ ತಳ್ಳಿತು. ಜನವರಿಯಲ್ಲಿ ಅಷ್ಟೇ ಹೊತ್ತಿಗೆ ಒಂದೂವರೆ ಬೆರಳು. ಅತ್ತೆ ಇನ್ನೊಂದು ಬಾಟಲಿಗೆ ಹಳೇ ಶಾಲು ಸುತ್ತಿ ಇಟ್ಟರು, ಅದು ಬೇಗ ಏರಿತು. ಹಿಟ್ಟಿನೊಳಗೆ ಕಣ್ಣಿಗೆ ಕಾಣದ ಜೀವಿಗಳಿವೆ, ಅವು ಬಿಡುವ ಗಾಳಿಯಿಂದ ಹಿಟ್ಟು ಉಬ್ಬುತ್ತದೆ, ಚಳಿಗೆ ಅವು ಮಂದವಾಗುತ್ತವೆ ಎಂದು ಟೀಚರ್ ಪಾಠ ಮಾಡಿದ್ದು ಇಷ್ಟೆಲ್ಲ ಆದ ಮೇಲೆ. ಗ್ರಾಫ್ ಎಂದರೆ ಓಡಿಹೋಗುತ್ತಿದ್ದವನು ತಾನೇ ಗ್ರಾಫ್ ಹಾಕಿದ. ಒಂದು ಬಾಟಲಿ ಉಕ್ಕಿ ನಾನು ಹೊಲಿಯುತ್ತಿದ್ದ ಗಿರಾಕಿಯ ಬ್ಲೌಸ್ ಮೇಲೆ ಹರಿಯಿತು, ಅದನ್ನೂ ಹೇಳಿಬಿಡುತ್ತೇನೆ.

ಪಾಠ ಇಂಗ್ಲಿಷಿನಲ್ಲಿ ನಡೆಯುವುದರಿಂದ ಅಜ್ಜಿಗೆ ಹೇಗೆ ತಿಳಿಯುತ್ತದೆ ಎಂದು ಕೇಳಬಹುದು. ಮಹಾರಾಷ್ಟ್ರದ ಸರ್ಕಾರಿ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿ ಕನ್ನಡ ಮಾಧ್ಯಮದ ಪುಸ್ತಕವನ್ನೂ ಮಾಡುತ್ತದೆ, ಪಿಡಿಎಫ್ ಪುಕ್ಕಟೆ ಸಿಗುತ್ತದೆ. ಪಾಠ ಪೂರ್ತಿ ಒಂದೇ ಅಲ್ಲ, ಆದರೆ ನೀರು, ಗಾಳಿ, ಬೆಳಕು ಎಲ್ಲ ಕಡೆ ಒಂದೇ ತಾನೇ. ಟೀಚರ್ ಹೇಳಿದ ಪುಟಗಳನ್ನು ಸ್ಟೇಷನ್ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ಅತ್ತೆಗೆ ಕೊಡುತ್ತೇನೆ. ಅವರು ಕನ್ನಡಕ ಹಾಕಿಕೊಂಡು ಮಾವನಿಗೆ ಕೇಳುವಂತೆ ಜೋರಾಗಿ ಓದುತ್ತಾರೆ.

ಮಾವ ಓದಿದ್ದೂ ರೂಢಿಯ ಶಾಲೆಯಲ್ಲಲ್ಲ. ಹದಿಮೂರನೇ ವಯಸ್ಸಿಗೆ ಬೊಂಬಾಯಿಗೆ ಬಂದು ಹೋಟೆಲಿನಲ್ಲಿ ಟೇಬಲ್ ಒರೆಸುತ್ತಾ ಕನ್ನಡ ರಾತ್ರಿ ಶಾಲೆಯಲ್ಲಿ ಕಲಿತವರು. ಸಂಜೆಯ ಗಿರಾಕಿ ಹೊತ್ತಿಗೆ ಹುಡುಗನನ್ನು ಬಿಡಲು ಯಾವ ಮಾಲೀಕ ಒಪ್ಪುತ್ತಾನೆ? ಮಾಸ್ತರರೇ ಹೋಟೆಲಿಗೆ ಬಂದು ಒಂದು ಚಾ ಕುಡಿದು ಮಾಲೀಕರ ಹತ್ತಿರ ಮಾತಾಡಿ ಒಪ್ಪಿಸಿದ್ದರಂತೆ. ಮುಂಬೈಯ ಎಷ್ಟೋ ಕನ್ನಡಿಗರು ಹೀಗೇ ಓದಿದವರು.

ಕೊರೊನಾ ಕಾಲದ ಆನ್‌ಲೈನ್ ನೋಡಿ ಜನ ಹೆದರಿದ್ದಾರೆ, ಅದು ತಪ್ಪಲ್ಲ. 2020ರ ಮಾರ್ಚ್‌ನಲ್ಲಿ ಮುಚ್ಚಿದ ಮುಂಬೈ ಶಾಲೆಗಳಲ್ಲಿ ಚಿಕ್ಕ ತರಗತಿಗಳು ಮತ್ತೆ ತೆರೆದದ್ದು 2021ರ ಡಿಸೆಂಬರ್‌ನಲ್ಲಿ. ಮನೆಗೊಂದು ಫೋನು, ಅದೂ ಅಪ್ಪನ ಜೇಬಿನಲ್ಲಿ. ಅದು ಯಾರೂ ಆರಿಸಿಕೊಂಡದ್ದಲ್ಲ, ತಲೆ ಮೇಲೆ ಬಿದ್ದದ್ದು. ಅದನ್ನೇ ಅಳತೆಗೋಲು ಮಾಡಬೇಡಿ.

ಹಾಗಂತ ಎಲ್ಲ ಮಕ್ಕಳೂ ಮನೆಯಲ್ಲೇ ಓದಲಿ ಎಂದು ನಾನು ಹೇಳುವುದಿಲ್ಲ. ಹುಡುಗನಿಗೆ ಒಂಟಿತನ ಇದೆ. ಸಂಜೆ ಕ್ರಿಕೆಟ್ ಆಡಲು ಹೋದಾಗ ಉಳಿದವರು ತಮ್ಮ ಕ್ಲಾಸಿನ ಸುದ್ದಿ ಹೇಳಿ ನಗುತ್ತಿದ್ದರೆ ಇವನು ಸುಮ್ನೆ ನಿಲ್ಲುತ್ತಾನೆ. ಇದಕ್ಕೆ ನನ್ನ ಹತ್ತಿರ ಔಷಧವಿಲ್ಲ.

ನಮ್ಮ ಕನ್ನಡ ಸಂಘಗಳಿಗೆ ಒಂದು ಕೋರಿಕೆ. ವಾರದ ದಿನ ಬೆಳಿಗ್ಗೆ ನಿಮ್ಮ ಸಭಾಗೃಹಗಳು ಖಾಲಿ ಇರುತ್ತವೆ. ಕನ್ನಡ ಶಾಲೆಗಳಲ್ಲಿ ಕಲಿಸಿ ನಿವೃತ್ತರಾದ ಎಷ್ಟೋ ಟೀಚರ್‌ಗಳು ಮನೆಯಲ್ಲಿದ್ದಾರೆ. ವಾರಕ್ಕೆ ಒಂದು ದಿನ ನಾಲ್ಕು ಕುರ್ಚಿ, ಒಂದು ವೈಫೈ ಕೊಡಿ, ಇಂಥ ಮಕ್ಕಳು ಒಂದು ಕಡೆ ಸೇರಲಿ. ಡೊಂಬಿವಲಿ, ಕಲ್ಯಾಣ್, ಠಾಣೆ ಕಡೆ ಎಲ್ಲಾದರೂ ಆದೀತು. ಚಾ ನಾನು ಮಾಡಿ ತರುತ್ತೇನೆ, ಬೇಕಾದರೆ ಅತ್ತೆಯ ದೋಸೆಯೂ ಬರುತ್ತದೆ, ಜನವರಿಯಲ್ಲಾದರೆ ಒಂದು ದಿನ ಮೊದಲೇ ಹೇಳಬೇಕು.

ಇಂತಿ,
ಒಬ್ಬ ತಾಯಿ, ಡೊಂಬಿವಲಿ ಪೂರ್ವ