ಕೆಲಸದ ಜೊತೆ ಅಧಿಕಾರಾನೂ ಹಂಚಿ

ಮಾನ್ಯ ಸಂಪಾದಕರೆ,

ಮುಂಬೈ, ಠಾಣೆ, ಡೊಂಬಿವಲಿ ಕಡೆ ನಮ್ಮ ಕನ್ನಡದ ಎಷ್ಟೋ ಹುಡುಗರು ಅಂಗಡಿಗೆ ಸೇಲ್ಸ್‌ಮ್ಯಾನ್ ಆಗಿ ಸೇರಿ ಮ್ಯಾನೇಜರ್ ಆಗ್ತಾರೆ, ತುಂಬಾ ಖುಷಿ, ಆದ್ರೆ ಟೀಮ್ ನಡೆಸೋದು ಹೇಗೆ ಅಂತ ಯಾರೂ ಹೇಳಿಕೊಡಲ್ಲ, ಹಾಗಾಗಿ ಬಿಲ್ಲಿಂಗೂ ಅವನೇ, ಸ್ಟಾಕೂ ಅವನೇ, ಗಲ್ಲಾಪೆಟ್ಟಿಗೆ ಕೀನೂ ಅವನ ಜೇಬಲ್ಲೇ. ಗಣೇಶ ಹಬ್ಬದ ರಶ್‌ನಲ್ಲಿ 300 ರೂಪಾಯಿ ಕುರ್ತಾದ ಸೈಜ್ ಬದಲಾಯಿಸಿ ಕೊಡೋಕೂ ಕೌಂಟರ್ ಹುಡುಗಿ "ಸರ್ ಬರ್ಲಿ" ಅಂತ ಕಾಯ್ತಾಳೆ, ಹಿಂದೆ ಕ್ಯೂ ಬಾಗಿಲ ತನಕ ಬಂದಿರುತ್ತೆ.

ನಾನು ಬಟ್ಟೆ ಅಂಗಡಿ ಮ್ಯಾನೇಜರ್. ನಮ್ಮಲ್ಲಿ 500 ರೂಪಾಯಿವರೆಗಿನ ಎಕ್ಸ್‌ಚೇಂಜ್ ಕೌಂಟರ್‌ನವರೇ ತೀರ್ಮಾನ ಮಾಡಿ ಬಿಲ್ ಹಿಂದೆ ಸಹಿ ಹಾಕಿಡ್ತಾರೆ, ರಾತ್ರಿ ಕ್ಯಾಶ್ ಮತ್ತು ಯುಪಿಐ ತಾಳೆ ನೋಡುವಾಗ ಅದನ್ನೂ ಒಟ್ಟಿಗೆ ನೋಡ್ತೀವಿ. ಕೆಲಸ ಕೊಟ್ಟು ಅಧಿಕಾರ ಕೊಡದಿದ್ರೆ ಅದು ಬರೀ ಹೊರೆ. ತಪ್ಪಾದ್ರೆ ಗಿರಾಕಿ ಎದುರಿಗೆ ಬೈಬಾರದು, ಇದು ಎಲ್ಲಕ್ಕಿಂತ ಮುಖ್ಯ ಅಂತ ನನ್ನ ಅಭಿಪ್ರಾಯ.

ಮಹಾರಾಷ್ಟ್ರದ 2017ರ ಅಂಗಡಿ ಕಾಯ್ದೆ ಪ್ರಕಾರ ಅಂಗಡಿ 365 ದಿನಾನೂ ತೆರೆದಿಡಬಹುದು, ಆದ್ರೆ ಕೆಲಸದವರಿಗೆ ವಾರಕ್ಕೊಂದು ರಜೆ ಕೊಡಲೇಬೇಕು. ಅಂದ್ಮೇಲೆ ಒಬ್ಬ ರಜೆ ಹಾಕಿದ ದಿನ ಅವನ ಕೆಲಸ ಇನ್ನೊಬ್ಬರಿಗೆ ಗೊತ್ತಿರಲೇಬೇಕಲ್ವಾ? ಮ್ಯಾನೇಜರ್‌ಗೂ ಮನೆ, ಮಕ್ಕಳು ಇದ್ದಾರೆ.

ಇಲ್ಲಿನ ಕನ್ನಡ ಸಂಘಗಳು ನಾಟಕ, ಯಕ್ಷಗಾನ ಎಷ್ಟು ಚೆನ್ನಾಗಿ ನಡೆಸ್ತಾವೆ, ಹಾಗೇ ಅನುಭವಿ ಮ್ಯಾನೇಜರ್‌ಗಳನ್ನ ಕರೆಸಿ ಹೊಸಬರಿಗೆ ತರಬೇತಿ ಇಡಲಿ, ಅಂಗಡಿಯವರಿಗೆ ಭಾನುವಾರ ಬಿಡುವಿರಲ್ಲ, ವಾರದ ಮಧ್ಯೆ ಬೆಳಗ್ಗೆ ಇಟ್ರೆ ಖಂಡಿತ ಬರ್ತಾರೆ.

– ಓದುಗ, ಡೊಂಬಿವಲಿ ಪೂರ್ವ