ಅಚ್ಚಾದ ಬರಹವನ್ನು ಕಾಲೇಜು ಅರ್ಜಿಗೆ ಬಳಸುವ ಬಗ್ಗೆ

ಪ್ರಿಯ ವಿದ್ಯಾರ್ಥಿಗಳೇ, ಪೋಷಕರೇ,

ಅಮೆರಿಕ, ಬ್ರಿಟನ್ ಕಾಲೇಜುಗಳ ಅರ್ಜಿಗೆ ಬರೆಯುವ ಪ್ರಬಂಧಗಳನ್ನು ನಾವು ತಿದ್ದಿಕೊಡುವ ಕ್ರಮ ಈ ಸಲದಿಂದ ಬದಲಾಗುತ್ತಿದೆ. ಶಾಲೆಯ ವಾರ್ಷಿಕ ಸಂಚಿಕೆಯಲ್ಲೋ ಪತ್ರಿಕೆಯಲ್ಲೋ ಬಂದ ನಿಮ್ಮ ಬರಹವನ್ನು ಪದಮಿತಿಗೆ ತಕ್ಕಂತೆ ಕತ್ತರಿಸಿಕೊಡುವ ಕೆಲಸ ಇನ್ನು ಮಾಡುವುದಿಲ್ಲ. ಅದೇ ವಿಷಯವನ್ನು ಹೊಸದಾಗಿ ಬರೆಯುವುದಾದರೆ ಕೊನೆಯವರೆಗೂ ಜೊತೆಗಿರುತ್ತೇವೆ. ಶುಲ್ಕ ಹಿಂದಿನಷ್ಟೇ.

‘ನಾನೇ ಬರೆದದ್ದು ಅಲ್ವಾ, ತಪ್ಪೇನು?’ ಎಂದು ಹಲವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಹಕ್ಕು ಸಾಮಾನ್ಯವಾಗಿ ನಿಮ್ಮದೇ. 1957ರ ನಮ್ಮ ಕೃತಿಸ್ವಾಮ್ಯ ಕಾಯ್ದೆಯಂತೆ, ಸಹಿ ಮಾಡಿ ಬರೆದುಕೊಡದೆ ಹಕ್ಕು ಬೇರೆಯವರ ಪಾಲಾಗುವುದಿಲ್ಲ. ಸ್ಪರ್ಧೆಗೆ ಕಳಿಸಿದ ಬರಹವಾದರೆ ಮಾತ್ರ ಅದರ ನಿಯಮ ಒಮ್ಮೆ ಓದಿ.

ನಮ್ಮ ಚಿಂತೆ ಬೇರೆ. ಅಚ್ಚಾಗುವ ಮೊದಲು ಮೇಷ್ಟ್ರು ತಿದ್ದಿರುತ್ತಾರೆ. ಸಂಪಾದಕರು ಒಂದು ಪ್ಯಾರಾ ತೆಗೆದು ಎರಡು ಸಾಲು ಸೇರಿಸಿರುತ್ತಾರೆ. ಯಾವುದು ಯಾರ ಸಾಲು ಎಂದು ವರ್ಷ ಕಳೆದ ಮೇಲೆ ನಿಮಗೇ ನೆನಪಿರುವುದಿಲ್ಲ. ಆದರೆ ಹಲವು ಕಾಲೇಜುಗಳಿಗೆ, ಹೆಚ್ಚಾಗಿ ಅಮೆರಿಕದವಕ್ಕೆ, ಒಂದೇ ಕಡೆಯಿಂದ ಅರ್ಜಿ ಹಾಕುವ ಜಾಲತಾಣವಾದ ಕಾಮನ್ ಆ್ಯಪ್‌ನಲ್ಲಿ ಅರ್ಜಿ ಸಲ್ಲಿಸುವಾಗ ‘ಇದು ನನ್ನದೇ ಕೆಲಸ’ ಎಂದು ಸಹಿ ಹಾಕುವವರು ನೀವು. ಪೋಷಕರೇ, ಆ ಸಹಿ ನಿಮ್ಮ ಮಗಳದ್ದು, ಮಗನದ್ದು. ಅದನ್ನು ಅವರು ಅಳುಕಿಲ್ಲದೆ ಹಾಕಬೇಕು ಎಂಬುದೇ ನಮ್ಮ ಆಸೆ.

ಇನ್ನೂ ಒಂದಿದೆ. ಊರಿನ ಕೆರೆಯ ಹೂಳಿನ ಬಗ್ಗೆ ಬರೆದ ಲೇಖನ ಚೆನ್ನಾಗಿಯೇ ಇರಬಹುದು. ಅದು ಓದುಗರಿಗೆ ಕೆರೆಯ ಕಥೆ ಹೇಳುತ್ತದೆ. ಪ್ರವೇಶ ನೀಡುವವರು ಹುಡುಕುವುದು ಬರೆದವರನ್ನು. ಕಾಮನ್ ಆ್ಯಪ್‌ನ ಮುಖ್ಯ ಪ್ರಬಂಧಕ್ಕೆ ಇರುವುದು ಹೆಚ್ಚೆಂದರೆ 650 ಪದ. ಅದರಲ್ಲಿ ನೀವು ಕಾಣಬೇಕು.

ಬ್ರಿಟನ್ನಿಗೆ ಹೋಗುವವರು ಇನ್ನೂ ಜಾಸ್ತಿ ಎಚ್ಚರವಾಗಿರಬೇಕು. ಅಲ್ಲಿನ ಕಾಲೇಜುಗಳ ಅರ್ಜಿಗಳನ್ನು ಸ್ವೀಕರಿಸುವ ಯುಕಾಸ್ ಸಂಸ್ಥೆ, ಅರ್ಜಿದಾರರು ತಮ್ಮ ಬಗ್ಗೆ ಬರೆದುಕೊಡುವ ಹೇಳಿಕೆಗಳನ್ನು ಬೇರೆ ಬರಹಗಳೊಂದಿಗೆ ಹೋಲಿಕೆ ಪತ್ತೆಮಾಡುವ ತಂತ್ರಾಂಶಕ್ಕೆ ಹಾಕುತ್ತದೆ. ಶೇ. 30 ಅಥವಾ ಹೆಚ್ಚು ಹೋಲಿಕೆ ಕಂಡರೆ ಸಿಬ್ಬಂದಿ ಪರಿಶೀಲಿಸುತ್ತಾರೆ. 2026ರ ಪ್ರವೇಶದಿಂದ ಅಲ್ಲಿ ಮೂರು ಪ್ರಶ್ನೆಗಳಿಗೆ ಬೇರೆ ಬೇರೆಯಾಗಿ ಉತ್ತರಿಸಬೇಕು, ಒಟ್ಟು 4,000 ಅಕ್ಷರಗಳಲ್ಲಿ. ಹಳೆಯ ಲೇಖನ ಅಲ್ಲಿ ಹೊಂದುವುದೂ ಇಲ್ಲ.

ಕನ್ನಡದಲ್ಲಿ ಬರೆಯುವ ಮಕ್ಕಳೇ, ನಿಮ್ಮ ಬರಹವನ್ನು ಬೇರೆಯವರಿಂದ ಅನುವಾದ ಮಾಡಿಸಿ ತರಬೇಡಿ. ವಿಷಯ ಇಟ್ಟುಕೊಂಡು ಇಂಗ್ಲಿಷಿನಲ್ಲಿ ನೀವೇ ಬರೆಯಿರಿ, ವಾಕ್ಯ ತೊದಲಿದರೂ ಪರವಾಗಿಲ್ಲ. ಅದರ ಮೇಲೆ ಕೂತು ಕೆಲಸ ಮಾಡೋಣ.

ಅಚ್ಚಾದ ಬರಹಕ್ಕೂ ಅರ್ಜಿಯಲ್ಲಿ ಜಾಗವಿದೆ. ಕಾಮನ್ ಆ್ಯಪ್‌ನ ಚಟುವಟಿಕೆಗಳ ಪಟ್ಟಿಯಲ್ಲಿ ಹತ್ತು ನಮೂದುಗಳಿಗೆ ಅವಕಾಶವಿದೆ. ಎಲ್ಲಿ, ಯಾವಾಗ ಪ್ರಕಟವಾಯಿತು ಎಂದು ಅಲ್ಲಿ ಹೆಮ್ಮೆಯಿಂದ ಬರೆಯಿರಿ. ಇನ್ನು, ಒಂದೇ ಮುಖ್ಯ ಪ್ರಬಂಧವನ್ನು ಕಾಮನ್ ಆ್ಯಪ್ ಮೂಲಕ ಹಲವು ಕಾಲೇಜುಗಳಿಗೆ ಕಳಿಸುವುದಕ್ಕೆ ಯಾವ ತೊಂದರೆಯೂ ಇಲ್ಲ. ಆ ವ್ಯವಸ್ಥೆ ಇರುವುದೇ ಅದಕ್ಕೆ.

ಮೊದಲ ಭೇಟಿಗೆ ಬರುವಾಗ ಪ್ರಕಟವಾದ ಬರಹಗಳ ಪ್ರತಿ ತನ್ನಿ. ತಿದ್ದುವ ಮೊದಲಿನ ಕರಡು ಸಿಕ್ಕರೆ ಅದನ್ನೂ ತನ್ನಿ. ಹಳೆಯ ಲೇಖನ ಹಿಡಿದು ಈಗಾಗಲೇ ಪ್ರಬಂಧ ಶುರುಮಾಡಿದವರಿಗೆ ಒಂದು ಭೇಟಿ ಹೆಚ್ಚುವರಿಯಾಗಿ ಕೊಡುತ್ತೇವೆ, ಅದಕ್ಕೆ ಹಣವಿಲ್ಲ.

ವಿಶ್ವಾಸದಿಂದ,
ಪ್ರಬಂಧ ಮಾರ್ಗದರ್ಶನ ತಂಡ